ಸಬ್ಸಿಡಿ ಯಾರಿಗೆ ಸಿಗುತ್ತದೆ?

ಸರ್ಕಾರ ರೈತರಿಗೆ ಮಾಡುವ ಹಣದ ಸಹಾಯಕ್ಕೆ ಸಹಾಯಧನ ಎನ್ನುತ್ತಾರೆ. ನಾವೆಲ್ಲ ಸಬ್ಸಿಡಿ ಅಂತೀವಿ.

ಯೂರಿಯಾ ಗೊಬ್ಬರದ ಸಬ್ಸಿಡಿ ನಮ್ಮ ಕೈಗೆ ಬರೋದಿಲ್ಲ, ಕಂಪನಿಗೆ ಹೋಗುತ್ತದೆ. ಅದರಿಂದ ಚೀಲದ ಬೆಲೆ ಕಡಿಮೆ ಇರುತ್ತದೆ. ಹತ್ತು ಚೀಲ ಕೊಂಡವರಿಗೆ ಹತ್ತು ಚೀಲದ ಲಾಭ, ಒಂದು ಕೊಂಡವರಿಗೆ ಒಂದರದ್ದು.

ಪಿ.ಎಂ. ಕಿಸಾನ್ ಬೇರೆ ಥರ. ಕೇಂದ್ರ ಸರ್ಕಾರ ಇದನ್ನು 2019ರಲ್ಲಿ ಶುರು ಮಾಡಿತು. ಕುಟುಂಬಕ್ಕೆ ವರ್ಷಕ್ಕೆ 6000 ರೂಪಾಯಿ, ಮೂರು ಕಂತಿನಲ್ಲಿ, ನೇರವಾಗಿ ಬ್ಯಾಂಕ್ ಖಾತೆಗೆ. ಮೊದಲು 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆವರೆಗಿನವರಿಗೆ ಮಾತ್ರ ಇತ್ತು. ಅದೇ ವರ್ಷ ಆ ಮಿತಿ ತೆಗೆದರು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ.

ಆದರೆ ಇದಕ್ಕೆ ಜಮೀನು ಸ್ವಂತ ಹೆಸರಿನಲ್ಲಿರಬೇಕು. ನಮ್ಮಪ್ಪ ಬೇರೆಯವರ ಎರಡು ಎಕರೆಯಲ್ಲಿ ವಾರಕ್ಕೆ, ಅಂದರೆ ಅರ್ಧ ಫಸಲಿಗೆ, ರಾಗಿ ಬೆಳೀತಾರೆ. ಉಳುಮೆ, ಬಿತ್ತನೆ ಅಪ್ಪನದು, ಕಳೆ ಕೀಳೋದು ಅಮ್ಮ. ಪಹಣಿ ಹೊಲದ ಯಜಮಾನರ ಹೆಸರಲ್ಲಿದೆ. ಅವರು ಊರಲ್ಲೇ ಇಲ್ಲ. ಕಂತು ಅವರಿಗೇ ಬರುತ್ತದೆ. ಅವರು ಮೋಸ ಮಾಡಿಲ್ಲ, ನಿಯಮವೇ ಹಾಗಿದೆ.

ಕಾಗದ ಬರೆಸಿಕೊಳ್ಳಬಹುದಲ್ಲಾ ಅಂತ ನೀವು ಕೇಳಬಹುದು. ದೇವರಾಜ ಅರಸು ಅವರು ಮುಖ್ಯಮಂತ್ರಿ ಆಗಿದ್ದಾಗ, 1974ರ ಭೂಸುಧಾರಣೆಯಿಂದ ನಮ್ಮ ರಾಜ್ಯದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಆಗ ಗೇಣಿಗೆ ಉಳುತ್ತಿದ್ದ ಎಷ್ಟೋ ಜನ ಅದೇ ಹೊಲಕ್ಕೆ ಒಡೆಯರಾದರು. ಅದು ಬಹಳ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ. ಆದರೆ ಈಗ ವಾರಕ್ಕೆ ಕೊಡೋರು ಬಾಯಿಮಾತಲ್ಲೇ ಕೊಡುತ್ತಾರೆ. ಬರೆದುಕೊಟ್ಟರೆ ಭೂಮಿ ಹೋಗುತ್ತೆ ಅಂತ ಭಯ. ಹಾಗಾಗಿ ಉಳುವವರ ಹೆಸರು ಯಾವ ಕಾಗದದಲ್ಲೂ ಇರೋದಿಲ್ಲ. ಮಳೆ ಹೋಗಿ ಬೆಳೆ ಒಣಗಿದಾಗಲೂ ಪರಿಹಾರಕ್ಕೆ ಮೊದಲು ಕೇಳೋದು ಪಹಣಿಯನ್ನೇ.

ಗೊಬ್ಬರದ ಚೀಲ ಮಾತ್ರ ಅಪ್ಪನಿಗೂ ಅದೇ ಬೆಲೆಗೆ ಸಿಗುತ್ತದೆ.