ಅಂಚೆಪೆಟ್ಟಿಗೆಯ ಮೇಲಿನ ಹೆಸರು



ಬರ್ಲಿನ್ನಿಗೆ ಹೋಗಿ ತಿಂಗಳು ಕಳೆದರೂ ಬ್ಯಾಂಕಿನ ಕಾಗದವೊಂದೂ ಕೈಸೇರಲಿಲ್ಲವೆಂದು ವ್ಯಥೆಪಟ್ಟು, ಇಂಟರ್‌ನೆಟ್ಟಿನ ಬಗೆಗೂ ಕೇಳಿರುವಿರಿ. ಆ ಇಂಟರ್‌ನೆಟ್ಟಿನ ಚಿಂತೆಯನ್ನು ಕ್ಷಣಕಾಲ ಬದಿಗಿರಿಸಿ, ಮೆಟ್ಟಿಲಿಳಿದು ನಿಮ್ಮ ಅಂಚೆಪೆಟ್ಟಿಗೆಯನ್ನೊಮ್ಮೆ ನೋಡಿರಿ. ಜರ್ಮನಿಯ ಬಹುಮಹಡಿ ವಸತಿಗಳಲ್ಲಿ ಮನೆಮನೆಗೂ ಪ್ರತ್ಯೇಕ ಸಂಖ್ಯೆಯಿರುವುದು ವಿರಳವಾದ ಕಾರಣ, ಅಂಚೆಯವನು ಪೆಟ್ಟಿಗೆಯ ಮೇಲಿನ ಕುಲನಾಮವನ್ನು ಓದಿಯೇ ಪತ್ರವನ್ನು ಹಾಕುವನು. ಹಿಂದಿನ ಬಾಡಿಗೆದಾರನ ಹೆಸರೇ ಅಲ್ಲಿ ಉಳಿದಿದ್ದರೆ, ನಿಮ್ಮ ಪತ್ರವು ಬಂದ ದಾರಿಯಲ್ಲಿಯೇ ಮರಳುವುದು. ತಂದೆಯ ಹೆಸರಿನ ಮೊದಲಕ್ಷರದಲ್ಲಿಯೇ ಜೀವಮಾನ ಕಳೆದ ನಮ್ಮವರಿಗೆ ಈ ಕುಲನಾಮವೆಂಬುದು ತೊಡಕಿನ ವಿಷಯವೇ ಸರಿ. ಪಾಸ್‌ಪೋರ್ಟಿನಲ್ಲಿ ಮುದ್ರಿತವಾದುದನ್ನು ಒಂದಕ್ಷರವೂ ಬಿಡದೆ ಬರೆದು, ಮನೆಯೊಡೆಯರಿಗೆ ತಿಳಿಸಿ, ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿರಿ.

ಇನ್ನು ಫೋನು, ಇಂಟರ್‌ನೆಟ್ಟಿನ ಮಾತು. ಜರ್ಮನಿಯಲ್ಲಿ ಪ್ರೀಪೇಯ್ಡ್ ಸಿಮ್ಮಿಗೆ 2017ರಿಂದ ಗುರುತಿನ ಪರಿಶೀಲನೆ ಕಡ್ಡಾಯ, ಪಾಸ್‌ಪೋರ್ಟನ್ನು ಜೊತೆಗೊಯ್ಯಿರಿ. ಮನೆಯ ಇಂಟರ್‌ನೆಟ್ಟಿಗಾದರೋ 24 ತಿಂಗಳ ಕರಾರನ್ನು ಮುಂದೊಡ್ಡುವರು. 12 ತಿಂಗಳು ಮೀರದ ಕರಾರೊಂದನ್ನೂ ಗ್ರಾಹಕನ ಮುಂದಿರಿಸಬೇಕೆಂಬುದು ಅಲ್ಲಿಯ ಕಾನೂನಾದುದರಿಂದ, ಸಂಕೋಚವಿಲ್ಲದೆ ಅದನ್ನೇ ಕೇಳಿರಿ, ದರ ತುಸು ಹೆಚ್ಚಾದರೂ ಚಿಂತೆಯಿಲ್ಲ. ಊರಿನ ಸಿಮ್ಮನ್ನು ಮಾತ್ರ ಬಿಸುಡಬೇಡಿ: ನಿಮ್ಮ ಊರಿನ ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ.