ಇರುಳಿಡೀ ಬಯಲಾಟ, 74 ನಿಮಿಷದ ಕಡತ

ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿ ದೊಡ್ಡಾಟವು ಬೆಳಗಿನವರೆಗೂ ನಡೆಯುವುದುಂಟು. ಅಂತಹ ಎಂಟು ಗಂಟೆಗಳ ಧ್ವನಿಮುದ್ರಣವನ್ನು ಹಳೆಯ ತಂತ್ರಾಂಶದಿಂದ ‘ವೇವ್’ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿದಾಗ, ಕೇವಲ 74 ನಿಮಿಷಗಳ ಆಟ ಕೇಳಿಸಬಹುದು. ಹಾಡಿದ ಹಿರಿಯ ಭಾಗವತರು ಮತ್ತೊಮ್ಮೆ ದೊರೆಯಲಾರರು. ಉಳಿದ ಧ್ವನಿ ಎಲ್ಲಿ ಹೋಯಿತು?

ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 2 ಬೈಟುಗಳು, ಎರಡು ವಾಹಿನಿಗಳು. ಗುಣಿಸಿ ನೋಡಿರಿ: ಸೆಕೆಂಡಿಗೆ 1,76,400 ಬೈಟುಗಳು, ಎಂಟು ಗಂಟೆಗಳಿಗೆ ಸುಮಾರು 508 ಕೋಟಿ. ಆದರೆ ಕಡತದ ಶಿರೋಭಾಗದಲ್ಲಿ ಗಾತ್ರವನ್ನು ಬರೆಯಲು 32 ಬಿಟ್‌ಗಳಷ್ಟೇ ಸ್ಥಳವಿದೆ. ಸುಮಾರು 429 ಕೋಟಿಗೆ, ಎಂದರೆ ಆರೂಮುಕ್ಕಾಲು ಗಂಟೆಗೆ, ಎಣಿಕೆಯು ಮೋಟಾರಿನ ಮೈಲಿಮಾಪಕದಂತೆ ಸೊನ್ನೆಗೆ ಮರಳುತ್ತದೆ. ಮಿಕ್ಕ 79 ಕೋಟಿಯನ್ನೇ ಯಂತ್ರವು ಇಡೀ ಆಟವೆಂದು ನಂಬುತ್ತದೆ!

ಧ್ವನಿಯು ಬಹುಮಟ್ಟಿಗೆ ಕಡತದೊಳಗೇ ಇರುತ್ತದೆ. ಅದನ್ನು ‘ಕಚ್ಚಾ ದತ್ತಾಂಶ’ವೆಂದು ತೆರೆದು, 16 ಬಿಟ್, 44,100, ಎರಡು ವಾಹಿನಿಗಳೆಂದು ನಾವೇ ತಿಳಿಸಿದರೆ ಮರಳಿ ದೊರೆಯುವುದು. ಬಳಿಕ ಎರಡು ತುಂಡುಗಳಾಗಿಯೋ, ಈ ಮಿತಿಯಿಲ್ಲದ ‘ಫ್ಲಾಕ್’ ರೂಪದಲ್ಲಿಯೋ ಉಳಿಸಿರಿ. ಕೊನೆಯ ಮಂಗಳಪದ್ಯವನ್ನು ಕಿವಿಯಾರೆ ಕೇಳುವವರೆಗೆ ಮೂಲ ಮುದ್ರಣವನ್ನು ಅಳಿಸಕೂಡದು.