ಚಲನಚಿತ್ರದಲ್ಲಿ ಚಿತ್ರಕಲೆಯ ಕಣ್ಣು

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯನ್ನು ತಲುಪಿದವನಿಗೆ ಅಪೂರ್ವವಾದ ನೋಟವೊಂದು ಎದುರಾಗುತ್ತದೆ. ಎಡಕ್ಕೆ ಭೋರ್ಗರೆಯುವ ಅರಬ್ಬೀ ಸಮುದ್ರ, ಬಲಕ್ಕೆ ಶಾಂತವಾಗಿ ಹರಿಯುವ ಸೌಪರ್ಣಿಕೆ, ಇವೆರಡರ ನಡುವೆ ಪಟ್ಟಿಯಂತೆ ಸಾಗುವ ದಾರಿ, ದೂರದಲ್ಲಿ ಸಹ್ಯಾದ್ರಿಯ ನೀಲಿ ಸಾಲು. ಈ ನೋಟವನ್ನು ಕಾಗದದ ಮೇಲೆ ಬರೆಯಲು ಹೊರಟ ವಿದ್ಯಾರ್ಥಿಗೆ ಮೊದಲು ತಲೆದೋರುವ ಪ್ರಶ್ನೆ ಬಣ್ಣದ್ದಲ್ಲ, ಆಯ್ಕೆಯದು. ಕಡಲಿಗೆ ಎಷ್ಟು ಸ್ಥಳ, ಹೊಳೆಗೆ ಎಷ್ಟು ಸ್ಥಳ? ದಿಗಂತದ ಗೆರೆ ಮೇಲಿರಬೇಕೋ ಕೆಳಗಿರಬೇಕೋ? ಯಾವುದನ್ನು ಬಿಡಬೇಕು? ಚಲನಚಿತ್ರವನ್ನು ರಚಿಸುವವನು ಕ್ಷಣಕ್ಷಣವೂ ಉತ್ತರಿಸಬೇಕಾದ ಪ್ರಶ್ನೆಗಳೂ ಇವೇ ಆಗಿವೆ.

ಸಾಮಾನ್ಯವಾಗಿ ಜನರು ಚಲನಚಿತ್ರವನ್ನು ಕಥೆಗಾಗಿ, ಹಾಡಿಗಾಗಿ, ಮೆಚ್ಚಿನ ನಟನಿಗಾಗಿ ನೋಡುತ್ತಾರೆ. ಇದು ತಪ್ಪಲ್ಲ. ಆದರೆ ಚಿತ್ರಕಲೆ, ಶಿಲ್ಪ, ವಿನ್ಯಾಸಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗೆ ಅದರಿಂದ ಮತ್ತೊಂದು ಲಾಭವೂ ಉಂಟು. ಉತ್ತಮ ಚಲನಚಿತ್ರವೆಂದರೆ ಒಂದರ ಹಿಂದೆ ಒಂದರಂತೆ ಬರುವ ಸಾವಿರಾರು ಚಿತ್ರಗಳ ಸಂಪುಟ. ಚೌಕಟ್ಟು, ಬೆಳಕು, ಪರಿಸರ, ಬಣ್ಣ ಎಂಬ ನಾಲ್ಕು ಅಂಗಗಳಿಂದ ಅದನ್ನು ಅಭ್ಯಾಸ ಮಾಡಬಹುದು. ಈ ನಾಲ್ಕಕ್ಕೂ ಬೇಕಾದ ಉದಾಹರಣೆಗಳು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮಕ್ಕಳಿಗೆ ತೀರ ಹತ್ತಿರದಲ್ಲಿಯೇ ದೊರೆಯುತ್ತವೆ ಎಂಬುದು ಗಮನಾರ್ಹ ಸಂಗತಿ.

ಚೌಕಟ್ಟು

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟವನ್ನು ನೋಡಿದವರಿಗೆ ಚೌಕಟ್ಟಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಗೊಂಬೆಗಳು ಚಿಕ್ಕವು, ರಂಗವೂ ಚಿಕ್ಕದು. ಸೂತ್ರ ಹಿಡಿದವರು ಕಣ್ಣಿಗೆ ಬೀಳುವುದಿಲ್ಲ. ಆಟ ತೊಡಗಿದ ಸ್ವಲ್ಪ ಹೊತ್ತಿಗೆ ನೋಡುಗನು ಗೊಂಬೆಗಳ ಗಾತ್ರವನ್ನು ಮರೆತುಬಿಡುತ್ತಾನೆ. ಹೋಲಿಸಿ ನೋಡಲು ಬೇರೆ ವಸ್ತುವಿಲ್ಲದಂತೆ ಚೌಕಟ್ಟು ಹೊರಜಗತ್ತನ್ನು ಮರೆಮಾಡಿರುವುದೇ ಇದಕ್ಕೆ ಕಾರಣ. ಬೆಳ್ಳಿತೆರೆಯ ಚೌಕಟ್ಟು ಮಾಡುವ ಕೆಲಸವೂ ಇದೇ.

ಹಳೆಯ ಚಲನಚಿತ್ರಗಳ ತೆರೆಯ ಅಗಲ ಮತ್ತು ಎತ್ತರಗಳ ಪ್ರಮಾಣ ಹೆಚ್ಚುಕಡಮೆ 4ಕ್ಕೆ 3 ಆಗಿತ್ತು. ಮುಂದೆ ಬಂದ ಸಿನಿಮಾಸ್ಕೋಪ್ ಪದ್ಧತಿಯಲ್ಲಿ ಅಗಲವು ಎತ್ತರದ ಎರಡೂಕಾಲು ಪಟ್ಟಿಗೂ ಮಿಕ್ಕಿತು. ತೆರೆ ಅಗಲವಾದೊಡನೆ ಕಲಾವಿದನ ಹೊಣೆಯೂ ಹೆಚ್ಚುತ್ತದೆ. ಒಬ್ಬನೇ ಮನುಷ್ಯ ನಿಂತಿರುವಾಗ ಅವನ ಎರಡೂ ಬದಿಯ ಖಾಲಿ ಜಾಗಕ್ಕೆ ಅರ್ಥ ಬರಬೇಕಷ್ಟೆ. ಭಾರತದಲ್ಲಿ ಈ ಪದ್ಧತಿಯಲ್ಲಿ ತಯಾರಾದ ಮೊದಲ ಚಿತ್ರ 1959ರ 'ಕಾಗಜ್ ಕೆ ಫೂಲ್'. ಆ ಖಾಲಿ ಜಾಗವನ್ನು ಅದರ ನಿರ್ದೇಶಕರು ಒಂಟಿತನದ ಭಾಷೆಯಾಗಿ ಬಳಸಿಕೊಂಡರು. ಆ ನಿರ್ದೇಶಕರ ಮನೆತನದ ಹೆಸರು ಪಡುಕೋಣೆ. ಆ ಹೆಸರಿನ ಊರು ಇರುವುದು ಮರವಂತೆಯ ಸಮೀಪದಲ್ಲಿ.

ಬೆಳಕು

ಗುರುದತ್ತ ಪಡುಕೋಣೆಯವರು 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಜನಿಸಿದರು. ಬಾಲ್ಯದ ಬಹುಭಾಗ ಕಲಕತ್ತೆಯಲ್ಲಿ ಕಳೆಯಿತು. ಸಂಜೆ ಅಜ್ಜಿ ಆರತಿ ಬೆಳಗುವಾಗ ಆ ಬೆಳಕಿನಲ್ಲಿ ಬೆರಳುಗಳನ್ನು ಆಡಿಸಿ ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಮೂಡಿಸುವುದು ಬಾಲಕನ ಮೆಚ್ಚಿನ ಆಟವಾಗಿತ್ತೆಂದು ಮನೆಯವರು ನೆನೆದಿದ್ದಾರೆ. ಮುಂದೆ ಅವರು ಅಲ್ಮೋರಾದಲ್ಲಿ ಉದಯಶಂಕರರ ಕಲಾಕೇಂದ್ರದಲ್ಲಿ ನೃತ್ಯವನ್ನು ಅಭ್ಯಸಿಸಿದರು. ತಂಗಿ ಲಲಿತಾ ಲಾಜ್ಮಿಯವರು ಚಿತ್ರಕಲಾವಿದೆಯಾಗಿ ಹೆಸರಾದರು. ನೆರಳು, ನೃತ್ಯ, ಚಿತ್ರ ಎಂಬ ಮೂರು ಸಂಸ್ಕಾರಗಳು ಗುರುದತ್ತರ ಚಿತ್ರಗಳಲ್ಲಿ ಒಂದಾಗಿ ಸೇರಿರುವುದನ್ನು ಕಾಣಬಹುದು.

ಗುರುದತ್ತರ ಕಣ್ಣಿಗೆ ಕೈಯಾಗಿ ಒದಗಿದವರು ಮತ್ತೊಬ್ಬ ಕನ್ನಡಿಗರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 'ಕಾಗಜ್ ಕೆ ಫೂಲ್' ಚಿತ್ರದ ಒಂದು ಪ್ರಸಿದ್ಧ ದೃಶ್ಯದಲ್ಲಿ, ಬರಿದಾದ ಸ್ಟುಡಿಯೋದೊಳಗೆ ಕಂಬದಂತಹ ಬೆಳಕಿನ ಧಾರೆಯೊಂದು ಮೇಲಿನಿಂದ ಇಳಿದು ಬರುತ್ತದೆ. ಅದರಲ್ಲಿ ಧೂಳಿನ ಕಣಗಳು ತೇಲುತ್ತವೆ. ವಿದ್ಯುದ್ದೀಪಗಳಿಂದ ಅಂತಹ ಧಾರೆ ಮೂಡುವಂತಿರಲಿಲ್ಲ. ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದು ಹೊರಗಿನ ಬಿಸಿಲನ್ನು ಹಿಡಿದು ಒಳಗೆ ಕಳಿಸಿತು. ಮತ್ತೊಂದು ಅದನ್ನು ಮೇಲಿನಿಂದ ನೆಲದತ್ತ ತಿರುಗಿಸಿತು. ಹಂಚಿನ ಮನೆಯಲ್ಲಿ ಬೆಳೆದ ಮಕ್ಕಳೆಲ್ಲರೂ ಮಾಡಿನ ಸಂದಿಯಿಂದ ಇಳಿಯುವ ಬಿಸಿಲುಕೋಲನ್ನು ಬಲ್ಲರು. ಎಲ್ಲರೂ ಕಂಡ ವಸ್ತುವನ್ನು ಯಾರೂ ಇಡದ ಸ್ಥಳದಲ್ಲಿ ಇರಿಸುವುದೇ ಕಲೆಯ ಹೊಸತನವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

'ಪ್ಯಾಸಾ' (1957) ಚಿತ್ರದಲ್ಲಿ ಸತ್ತನೆಂದು ಜನ ನಂಬಿದ್ದ ಕವಿ ಸಭಾಂಗಣದ ಬಾಗಿಲಲ್ಲಿ ತೋಳು ಚಾಚಿ ನಿಲ್ಲುತ್ತಾನೆ. ಬೆಳಕು ಬೆನ್ನ ಹಿಂದಿನಿಂದ ಬರುವುದರಿಂದ ಅವನು ಕೇವಲ ಕಪ್ಪು ಆಕೃತಿಯಾಗಿ ಕಾಣುತ್ತಾನೆ. ಮುಖ ಕಾಣದಿದ್ದರೂ ನೋವು ಕಾಣುತ್ತದೆ. 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರದ ಒಂದು ನೃತ್ಯದಲ್ಲಿ ಮುಖ್ಯ ನರ್ತಕಿಗೆ ಮಾತ್ರ ಬೆಳಕು. ಹಿಂದಿನ ಸಾಲಿನವರೆಲ್ಲ ನೆರಳಿನಲ್ಲಿಯೇ ಕುಣಿಯುತ್ತಾರೆ. ಬೆಳಗುವುದು ಎಷ್ಟು ಮುಖ್ಯವೋ ಬೆಳಗದೆ ಬಿಡುವುದೂ ಅಷ್ಟೇ ಮುಖ್ಯ ಎಂಬ ಪಾಠ ಇಲ್ಲಿದೆ.

ಇಷ್ಟಾದರೂ 'ಕಾಗಜ್ ಕೆ ಫೂಲ್' ಬಿಡುಗಡೆಯಾದಾಗ ಜನರು ಅದನ್ನು ತಿರಸ್ಕರಿಸಿದರು. ಛಾಯಾಗ್ರಹಣಕ್ಕೆ ಬಹುಮಾನ ಬಂದಿತಾದರೂ ಚಿತ್ರಮಂದಿರಗಳು ಬರಿದಾದವು. ಗುರುದತ್ತರು ಆ ಬಳಿಕ ನಿರ್ದೇಶಕರೆಂದು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು, ನಲವತ್ತು ತುಂಬುವ ಮೊದಲೇ, ತೀರಿಕೊಂಡರು. ದೇಶವಿದೇಶಗಳ ರಸಿಕರು ಆ ಚಿತ್ರವನ್ನು ಶ್ರೇಷ್ಠ ಕೃತಿಯೆಂದು ಕೊಂಡಾಡತೊಡಗಿದ್ದು 1980ರ ದಶಕದಿಂದೀಚೆಗೆ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಕನ್ನಡಿ ಹಿಡಿದವರು ಮನ್ನಣೆಯನ್ನು ಕಂಡರು. ಕನಸು ಕಂಡವರು ಕಾಣಲಿಲ್ಲ.

ಪರಿಸರ ರಚನೆ

ಪಾತ್ರಗಳು ನಿಲ್ಲುವ ಸ್ಥಳವೂ ಒಂದು ಪಾತ್ರವೇ. ಇದಕ್ಕೆ ಎರಡು ಹಾದಿಗಳುಂಟು. ಜರ್ಮನಿಯಲ್ಲಿ 1920ರಲ್ಲಿ ತೆರೆಕಂಡ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಎಂಬ ಮೂಕಿ ಚಿತ್ರದಲ್ಲಿ ಮನೆಗಳು ವಾಲಿವೆ, ಕಿಟಕಿಗಳು ಸೊಟ್ಟಗಿವೆ, ನೆರಳುಗಳನ್ನೇ ಪರದೆಯ ಮೇಲೆ ಬಣ್ಣದಿಂದ ಬರೆಯಲಾಗಿದೆ. ಮನಸ್ಸಿನ ಕಲಕನ್ನು ತೋರಿಸಲು ಕಲಾವಿದರು ಊರನ್ನೇ ಕಲಕಿಬಿಟ್ಟರು. ಇದು ಜಗತ್ತನ್ನು ಹೊಸದಾಗಿ ಕಟ್ಟುವ ಹಾದಿ.

ಇರುವ ಜಗತ್ತನ್ನೇ ಹೊಸದಾಗಿ ನೋಡುವುದು ಮತ್ತೊಂದು ಹಾದಿ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ನಿರ್ದೇಶಿಸಿದ 'ಸಂಸ್ಕಾರ' ಚಿತ್ರಕ್ಕೆ ಕಲಾ ನಿರ್ದೇಶಕರಾದವರು ಚಿತ್ರಕಲಾವಿದ ಎಸ್. ಜಿ. ವಾಸುದೇವ್, ಛಾಯಾಗ್ರಾಹಕರು ಆಸ್ಟ್ರೇಲಿಯದ ಟಾಮ್ ಕೋವನ್. ಶೃಂಗೇರಿಯ ಸಮೀಪದ ಹಳ್ಳಿಯಲ್ಲಿ ಚಿತ್ರೀಕರಣ ನಡೆಯಿತು. ಕಥೆಗೆ ಬೇಕಾಗಿದ್ದುದು ಶವವೊಂದು ಸಂಸ್ಕಾರವಿಲ್ಲದೆ ಬಿದ್ದಿರುವ ಅಗ್ರಹಾರದ ಉಸಿರುಕಟ್ಟು. ಕಪ್ಪು ಬಿಳುಪಿನ ಮಿತಿಯಲ್ಲಿ ಜಗುಲಿ, ಬಾಗಿಲು, ಓಣಿಗಳೇ ಆ ಭಾವವನ್ನು ಹೊತ್ತವು. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ದೊರೆತು ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳಿಗೆ ದಾರಿ ತೆರೆಯಿತು. ಹೊಸತನಕ್ಕೆ ಹಣಕ್ಕಿಂತ ನೋಟ ಮುಖ್ಯವೆಂಬುದನ್ನು ಇದು ಸಿದ್ಧಪಡಿಸಿತು.

ಬಣ್ಣ

ಬಣ್ಣದ ಪಾಠವನ್ನು ಈ ಸೀಮೆಯ ಮಕ್ಕಳು ಬಯಲಾಟದಲ್ಲಿಯೇ ಕಲಿಯಬಹುದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದೊಡನೆ, ಮಾತಾಡುವ ಮೊದಲೇ, ನೋಡುಗನಿಗೆ ಪಾತ್ರದ ಸ್ವಭಾವ ತಿಳಿಯುತ್ತದೆ. ಅಭಿಮನ್ಯುವಿನಂತಹ ತರುಣ ವೀರನಿಗೆ ಕೇದಗೆ ಮುಂದಲೆ, ಕರ್ಣನಂತಹ ಪ್ರೌಢ ವೀರನಿಗೆ ಮುಂಡಾಸು, ರಾಕ್ಷಸನಿಗೆ ಬಣ್ಣದ ವೇಷ. ಕೆಂಪು, ಹಳದಿ, ಕಪ್ಪುಗಳ ಈ ಮೇಳ ಹಿಂದಿನ ಕಾಲದ ಪಂಜಿನ ಬೆಳಕಿಗೆ ಹೇಳಿಸಿದಂತಹದು. ಇಲ್ಲಿ ಬಣ್ಣವು ಅಲಂಕಾರವಲ್ಲ, ಅರ್ಥ.

ಜಪಾನಿನ ಅಕಿರ ಕುರೋಸಾವ ಈ ತತ್ತ್ವವನ್ನೇ ಬೇರೊಂದು ಬಗೆಯಲ್ಲಿ ಸಾಧಿಸಿದರು. ತಾರುಣ್ಯದಲ್ಲಿ ಚಿತ್ರಕಲಾವಿದನಾಗಬಯಸಿದ್ದ ಅವರು 'ರಾನ್' (1985) ಚಿತ್ರದ ದೃಶ್ಯಗಳನ್ನು ಮೊದಲು ವರ್ಣಚಿತ್ರಗಳಾಗಿ ಬರೆದಿಟ್ಟುಕೊಂಡರು. ಮುದಿ ದೊರೆಯ ಮೂವರು ಮಕ್ಕಳಲ್ಲಿ ಹಿರಿಯನಿಗೆ ಹಳದಿ, ನಡುವಿನವನಿಗೆ ಕೆಂಪು, ಕಿರಿಯನಿಗೆ ನೀಲಿ. ಸಾವಿರಾರು ಸೈನಿಕರು ನುಗ್ಗುವಾಗಲೂ ಯಾರ ಪಡೆ ಯಾವುದೆಂದು ಕಣ್ಣಿಗೆ ಗೊಂದಲವಾಗುವುದಿಲ್ಲ.

ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿಯವರು ತಮ್ಮ ಊರಿನಲ್ಲಿಯೇ ಚಿತ್ರೀಕರಿಸಿ 2022ರಲ್ಲಿ ತೆರೆಗೆ ತಂದ 'ಕಾಂತಾರ'ದಲ್ಲಿಯೂ ಈ ನೆಲದ ಬಣ್ಣಗಳೇ ಇವೆ. ಅರವಿಂದ ಕಶ್ಯಪರ ಛಾಯಾಗ್ರಹಣದಲ್ಲಿ ಕಾಡಿನ ಕತ್ತಲೆ, ದೊಂದಿಯ ಕೆಂಪು, ತೆಂಗಿನ ಎಳೆಗರಿಯ ತಿಳಿಹಳದಿ, ಕಂಬಳದ ಗದ್ದೆಯ ಕೆಸರು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಕೊನೆಯಲ್ಲಿ ದೈವವು ಮಾತಿಲ್ಲದೆ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಹಿಡಿದು ತನ್ನ ಎದೆಗೆ ಸೇರಿಸಿಕೊಳ್ಳುವ ದೃಶ್ಯವನ್ನು ಒಂದು ಚಿತ್ರಪಟದಂತೆ ನಿಲ್ಲಿಸಿ ನೋಡಬಹುದು. ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ ಹರಿದು ಬರುತ್ತವೆ. ಕಥೆಯ ತಾತ್ಪರ್ಯವೂ ಅದೇ ಬಿಂದುವಿನಲ್ಲಿದೆ.

ಉಳಿದುದು, ಅಳಿದುದು

ಈ ಸೀಮೆಯಲ್ಲಿ ಇಂತಹ ಪ್ರಯತ್ನ ಇಂದು ನಿನ್ನೆಯದಲ್ಲ. ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು 'ಡೊಮಿಂಗೊ' (1930), 'ಭೂತರಾಜ್ಯ' (1931) ಎಂಬ ಮೂಕಿ ಚಿತ್ರಗಳನ್ನು ತಯಾರಿಸಿದ್ದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡುದು 1934ರಲ್ಲಿ ಎಂಬುದನ್ನು ನೆನೆದರೆ ಅವರ ಸಾಹಸದ ಅರಿವಾದೀತು. ಆದರೆ ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಅತ್ಯಲ್ಪ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು 1964ರಲ್ಲಿ; ಅಷ್ಟು ಹೊತ್ತಿಗೆ ಬಹುಪಾಲು ಸುರುಳಿಗಳು ಬೆಂಕಿಗೆ, ತೇವಕ್ಕೆ, ಅನಾದರಕ್ಕೆ ತುತ್ತಾಗಿದ್ದವು. ಕಲೆ ಎರಡು ಬಗೆಯಲ್ಲಿ ನಷ್ಟವಾಗುತ್ತದೆ: ಸುರುಳಿ ಹಾಳಾಗಿ ಒಂದು, ನೋಡುವ ಕಣ್ಣಿಲ್ಲದೆ ಇನ್ನೊಂದು. ಮೊದಲನೆಯದನ್ನು ಸಂಗ್ರಹಾಲಯಗಳು ತಡೆಯಬಹುದು. ಎರಡನೆಯದನ್ನು ತಡೆಯಬೇಕಾದುದು ಶಾಲೆ.

ಅಭ್ಯಾಸ ಕ್ರಮ

ವಿದ್ಯಾರ್ಥಿಗಳು ಉತ್ತಮ ಚಿತ್ರವೊಂದನ್ನು ಮೊದಲು ಕಥೆಗಾಗಿ ನೋಡಲಿ. ಬಳಿಕ ಹತ್ತು ನಿಮಿಷದ ಭಾಗವೊಂದನ್ನು ಆರಿಸಿಕೊಂಡು ಧ್ವನಿಯಿಲ್ಲದೆ ಮತ್ತೊಮ್ಮೆ ನೋಡಲಿ. ಮೂರು ದೃಶ್ಯಗಳನ್ನು ನಿಲ್ಲಿಸಿ, ಸಣ್ಣ ಚೌಕಗಳನ್ನು ಎಳೆದು, ಕಪ್ಪು ಬಿಳುಪು ಭಾಗಗಳನ್ನು ಮಾತ್ರ ಪೆನ್ಸಿಲಿನಿಂದ ತುಂಬಲಿ. ಬೆಳಕು ಯಾವ ದಿಕ್ಕಿನಿಂದ ಬಂದಿದೆ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಯಾವ ಬಣ್ಣವನ್ನು ತೆಗೆದರೆ ಅರ್ಥ ಕೆಡುತ್ತದೆ ಎಂದು ಪಕ್ಕದಲ್ಲಿ ಬರೆದಿಡಲಿ. ಅದೇ ಸಂಜೆ ತಮ್ಮ ಮನೆಯ ಅಂಗಳವನ್ನೋ ದೋಣಿ ನಿಂತ ದಡವನ್ನೋ ಅದೇ ಬಗೆಯ ಮೂರು ಚೌಕಗಳಲ್ಲಿ ಬಿಡಿಸಲಿ. ಹೀಗೆ ಒಂದು ವರ್ಷ ಸಾಧನೆ ನಡೆದರೆ ನೋಟವು ತಾನಾಗಿ ಹದಗೊಳ್ಳುತ್ತದೆ.

ಹೀಗೆ ಕಲಿತವರೆಲ್ಲರೂ ಚಲನಚಿತ್ರ ನಿರ್ದೇಶಕರಾಗಬೇಕಿಲ್ಲ. ಆದರೆ ಅವರ ಕಾಲದಲ್ಲಿ ಮತ್ತೊಬ್ಬ ಕಲಾವಿದನು ಹೊಸ ಬೆಳಕನ್ನು ತೆರೆಯ ಮೇಲೆ ಇಳಿಸಿದಾಗ, ಮಂದಿರ ಬರಿದಾಗದಂತೆ ನೋಡಿಕೊಳ್ಳಲು ಅವರಿಂದ ಸಾಧ್ಯ. ಕಲಾವಿದನು ಒಂಟಿಯಾಗಿ ಕಲೆಯನ್ನು ರಚಿಸಬಲ್ಲನು; ಒಂಟಿಯಾಗಿ ಅದನ್ನು ಉಳಿಸಲಾರನು. ಉಳಿಸುವವರು ಕಣ್ಣುಳ್ಳ ನೋಡುಗರು.